ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಒಂದು ರೂಮು

ಹೋಟೆಲ್ ಬುಕ್ ಮಾಡುವ ಆ್ಯಪ್ ತೆರೆದು ‘ವಯಸ್ಕರು 2’ ಅಂತ ಹಾಕಿದರೆ ಪರದೆ ತುಂಬ ರೂಮುಗಳು ಬರುತ್ತವೆ. ಅದರ ಕೆಳಗೆ ‘ಮಕ್ಕಳು’ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಪ್ಲಸ್ ಗುರುತನ್ನು ಒಮ್ಮೆ ಒತ್ತಿ ನೋಡಿ. ಅರ್ಧ ರೂಮುಗಳು ಮಾಯ. ಇನ್ನೊಮ್ಮೆ ಒತ್ತಿದರೆ ಮಿಕ್ಕಿದ್ದರಲ್ಲೂ ಬಹುಪಾಲು ಮಾಯ. ಕೊನೆಗೆ ಉಳಿದ ನಾಲ್ಕೈದರ ಕೆಳಗೆ ‘ನಿಮಗೆ 2 ರೂಮು ಬೇಕಾಗುತ್ತದೆ’ ಅನ್ನುವ ಸಲಹೆ. ಎರಡು ರೂಮು ಸರಿ, ಆದರೆ ಯಾರು ಎಲ್ಲಿ ಮಲಗಬೇಕು? ನಮ್ಮ ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿಲ್ಲ. ಮಕ್ಕಳಿಬ್ಬರನ್ನೇ ಒಂದು ರೂಮಿನಲ್ಲಿ ಬಿಟ್ಟು ಬಾಗಿಲು ಎಳೆದುಕೊಂಡು ಬರುವುದಂತೂ ಆಗದ ಮಾತು. ಹಾಗಾದರೆ ಅಮ್ಮ-ಮಗ ಮೂರನೇ ಮಹಡಿ, ಅಪ್ಪ-ಮಗಳು ಐದನೇ ಮಹಡಿ. ಎರಡರಷ್ಟು ದುಡ್ಡು ಕೊಟ್ಟು ಮನೆಯವರೆಲ್ಲ ಬೇರೆ ಬೇರೆ ಇರುವುದಕ್ಕೆ ರಜೆ ಅಂತ ಹೆಸರು!

ಈ ಫಾರ್ಮುಗಳು ಎರಡೇ ವಿಷಯ ಕೇಳುತ್ತವೆ. ಎಷ್ಟು ಜನ, ಮಕ್ಕಳಾದರೆ ವಯಸ್ಸೆಷ್ಟು. ವಯಸ್ಸು ಕೇಳುವುದೂ ಬಾಡಿಗೆ ಲೆಕ್ಕಕ್ಕೆ. ವಿಮಾನದಲ್ಲಿ ಇದು ಸುಲಭ. ಎರಡು ವರ್ಷದೊಳಗೆ ಮಡಿಲ ಮಗು, ಹನ್ನೆರಡರ ತನಕ ಮಕ್ಕಳು, ಆಮೇಲೆ ದೊಡ್ಡವರು. ಹೆಚ್ಚುಕಡಿಮೆ ಎಲ್ಲ ವಿಮಾನಗಳಲ್ಲೂ ಇದೇ ಲೆಕ್ಕ. ಹೋಟೆಲಿನಲ್ಲಿ ಹಾಗಿಲ್ಲ. ಒಂದು ಕಡೆ ಆರರ ತನಕ ಮಗು, ಪಕ್ಕದ ಕಟ್ಟಡದಲ್ಲಿ ಹನ್ನೆರಡರ ತನಕ, ಇನ್ನೊಂದು ಕಡೆ ಹದಿನೇಳು ತುಂಬಿದರೂ ಮಗುವೇ. ಸರಿ, ಇದನ್ನೆಲ್ಲ ಓದಿ ತಿಳಿದುಕೊಳ್ಳಬಹುದು. ನನ್ನನ್ನು ಕಾಡುವುದು ಬೇರೆ. ಮಕ್ಕಳು ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾರೆ ಅಂತ ಯಾವ ಫಾರ್ಮೂ ಕೇಳುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ರೂಮು ಸಾಲುತ್ತದೋ ಇಲ್ಲವೋ ಅನ್ನುವುದು ನಿಂತಿರುವುದೇ ಅದರ ಮೇಲೆ.

ಎಂಟು ಗಂಟೆ ಆದ ಮೇಲೆ

ಮಗ ಹುಟ್ಟಿದ ಮೇಲೆ ಹೋದ ಮೊದಲ ದೊಡ್ಡ ಪ್ರಯಾಣ ಅದು. ರೂಮಿನಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ದೊಡ್ಡ ಮಂಚ, ಕಿಟಕಿ ಪಕ್ಕದಲ್ಲಿ ಮಗಳಿಗೆ ಒಂದು ಸಣ್ಣ ಮಂಚ, ಕೇಳಿದ್ದಕ್ಕೆ ತಂದಿಟ್ಟ ಬೇಬಿ ಕಾಟ್. ನಾಲ್ಕು ಜನ, ನಾಲ್ಕು ಜನಕ್ಕೂ ಮಲಗುವ ಜಾಗ. ಲೆಕ್ಕ ಸರಿ ಇತ್ತು. ಸಂಜೆ ಏಳೂವರೆಗೆ ಮಗ ಕಣ್ಣುಜ್ಜತೊಡಗಿದ. ಎಂಟಕ್ಕೆ ದೀಪ ಆರಿಸಿದೆವು. ಮಗಳು ಸ್ವಲ್ಪ ಹೊತ್ತು ಗೊಣಗಿ ಮಲಗಿದಳು. ಆಮೇಲೆ ನಾವಿಬ್ಬರೂ ಮಂಚದ ಎರಡು ತುದಿಯಲ್ಲಿ, ಕತ್ತಲಲ್ಲಿ, ಉಸಿರು ಬಿಗಿಹಿಡಿದು ಕೂತೆವು. ಮಾತಾಡುವ ಹಾಗಿಲ್ಲ. ಟಿವಿ ಹಾಕುವ ಹಾಗಿಲ್ಲ. ಫೋನಿನ ಬೆಳಕು ಕಾಟ್ ಕಡೆ ತಿರುಗಿದರೆ ಮಗ ತಲೆ ಎತ್ತುತ್ತಿದ್ದ. ಪುಸ್ತಕ ತಂದಿದ್ದೆ, ದೀಪ ಬೇಕಲ್ಲ. ಹಸಿವೆಯೂ ಆಗಿತ್ತು. ಕವರ್ ಬಿಚ್ಚಿದರೆ ಅದರ ಸದ್ದು ಇಡೀ ಕಟ್ಟಡಕ್ಕೇ ಕೇಳಿಸುವ ಹಾಗೆ.

“ಬಾತ್‌ರೂಮಿಗೆ ಹೋಗೋಣ್ವಾ?” ಅಂತ ಇವರು ಕಿವಿಯ ಹತ್ತಿರ ಬಂದು ಕೇಳಿದರು. ಹೋದೆವು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ನಾನು, ಸ್ನಾನದ ಜಾಗದ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಇವರು. ದೀಪ ಹಾಕಿದ ತಕ್ಷಣ ಎಕ್ಸಾಸ್ಟ್ ಫ್ಯಾನೂ ತಾನಾಗಿ ತಿರುಗತೊಡಗಿತು. ಆ ಸದ್ದಿಗೆ ನಾವು ಗಟ್ಟಿಯಾಗಿ ಮಾತಾಡಬೇಕಾಯಿತು, ಗಟ್ಟಿಯಾಗಿ ಮಾತಾಡಿದರೆ ಮಗ ಏಳುತ್ತಾನೆ. ಇವರು ಸ್ವಿಚ್‌ಬೋರ್ಡಿನಲ್ಲಿ ಫ್ಯಾನನ್ನು ಮಾತ್ರ ಆರಿಸುವ ಸ್ವಿಚ್ ಹುಡುಕಿದರು. ಇರಲಿಲ್ಲ. ನಗು ಬಂತು, ನಗುವುದಕ್ಕೂ ಬಾಯಿಗೆ ಟವೆಲ್ ಅಡ್ಡ ಹಿಡಿಯಬೇಕಾಯಿತು. ಮರುದಿನದ ಬಸ್ಸು, ಟಿಕೆಟ್ಟು, ಯಾವ ಬ್ಯಾಗಿನಲ್ಲಿ ಏನು ಅನ್ನುವುದನ್ನೆಲ್ಲ ನಾವು ತೀರ್ಮಾನಿಸಿದ್ದು ಅಲ್ಲೇ.

ಚಿಕ್ಕ ಮಕ್ಕಳಿರುವ ಯಾರನ್ನು ಕೇಳಿದರೂ ಇಂಥದ್ದೊಂದು ಬಾತ್‌ರೂಮ್ ಕತೆ ಹೇಳುತ್ತಾರೆ. ಕೆಲವರು ಕಾರಿಡಾರಿನ ನೆಲದ ಮೇಲೆ, ಬಾಗಿಲು ಅರ್ಧ ತೆರೆದಿಟ್ಟು ಕೂತವರು. ನಾನು ಹೇಳಲು ಹೊರಟಿದ್ದು ಇಷ್ಟೇ: ಆ ರೂಮಿನಲ್ಲಿ ಮಂಚಕ್ಕೆ ಕೊರತೆ ಇರಲಿಲ್ಲ. ಎಂಟರಿಂದ ಹನ್ನೊಂದರ ತನಕ ದೊಡ್ಡವರು ಇರುವುದಕ್ಕೆ ಜಾಗ ಇರಲಿಲ್ಲ. ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಮಕ್ಕಳು ಮಲಗಿದ ಮೇಲೆ ನಾವು ಎದ್ದು ಆಚೆ ಬರುತ್ತೇವೆ, ಅಷ್ಟೇ. ಹೋಟೆಲಿನಲ್ಲಿ ಆ ‘ಆಚೆ’ ಇಲ್ಲ. ಹಾಗಾಗಿ ನಾನು ಈಗ ರೂಮು ಹುಡುಕುವಾಗ ಮಂಚ ಎಣಿಸುವುದಿಲ್ಲ, ಬಾಗಿಲು ಎಣಿಸುತ್ತೇನೆ. ರೂಮಿನ ಒಳಗೆ, ಬಾತ್‌ರೂಮಿನದ್ದನ್ನು ಬಿಟ್ಟು, ಇನ್ನೊಂದು ಬಾಗಿಲು ಇದೆಯಾ? ಬಾಗಿಲು ಇಲ್ಲದಿದ್ದರೆ ಗೋಡೆಯ ಒಂದು ತಿರುವು ಇದೆಯಾ? ಅದೂ ಇಲ್ಲದಿದ್ದರೆ ಕೂರಬಹುದಾದ ಬಾಲ್ಕನಿ?

ಹನ್ನೆರಡು ಅಡಿ ಅಗಲ

ಇಷ್ಟು ಸಣ್ಣ ಬಯಕೆ, ಯಾಕೆ ಸಿಗುವುದಿಲ್ಲ ಅಂತ ತಲೆ ಕೆಡಿಸಿಕೊಂಡಾಗ ಕಟ್ಟಡದ ನಕ್ಷೆಗಳನ್ನು ನೋಡಲು ಶುರು ಮಾಡಿದೆ. ಬಾಗಿಲ ಹಿಂದೆ ಅಂಟಿಸಿರುವ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅಂತ ತೋರಿಸುವ ನಕ್ಷೆ ಇರುತ್ತದಲ್ಲ, ಅದೇ ಸಾಕು, ಎಲ್ಲ ಗೊತ್ತಾಗುತ್ತದೆ. ನಡುವೆ ಉದ್ದದ ಕಾರಿಡಾರ್. ಎರಡೂ ಕಡೆ ಒಂದೇ ಅಳತೆಯ ಡಬ್ಬಿಗಳು. ಒಂದೊಂದು ಡಬ್ಬಿಯ ಅಗಲ ಸುಮಾರು 12 ಅಡಿ, ಅಂದರೆ 3.6 ಮೀಟರಿನ ಆಸುಪಾಸು. ಬಾಗಿಲ ಪಕ್ಕದಲ್ಲೇ ಬಾತ್‌ರೂಮು, ಆ ತುದಿಯಲ್ಲಿ ಒಂದೇ ಒಂದು ಕಿಟಕಿ. ಪಕ್ಕದ ರೂಮು ಇದರ ಕನ್ನಡಿ ಬಿಂಬ, ಎರಡು ಬಾತ್‌ರೂಮುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ನೀರಿನ ಪೈಪುಗಳೆಲ್ಲ ನಡುವಿನ ಒಂದೇ ಕಿಂಡಿಯಲ್ಲಿ ಮೇಲಿಂದ ಕೆಳಗೆ ಇಳಿಯುತ್ತವೆ. ಈ ಉಪಾಯವನ್ನು ದೊಡ್ಡ ಮಟ್ಟದಲ್ಲಿ ತಂದವನು ಅಮೆರಿಕದ ಎಲ್ಸ್‌ವರ್ತ್ ಸ್ಟಾಟ್ಲರ್. 1908ರಲ್ಲಿ ಬಫಲೊ ಊರಿನಲ್ಲಿ ತೆರೆದ ಅವನ ಹೋಟೆಲಿನಲ್ಲಿ ಪ್ರತಿ ರೂಮಿಗೂ ಸ್ವಂತ ಬಾತ್‌ರೂಮು. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಒಂದೂವರೆ ಡಾಲರಿಗೆ ರೂಮು ಮತ್ತು ಸ್ನಾನ ಅಂತ ಜಾಹೀರಾತು ಕೊಟ್ಟು ಹೆಸರು ಮಾಡಿದ.

ಈ ಡಬ್ಬಿಯನ್ನು ಎರಡು ಭಾಗ ಮಾಡಿ ನೋಡಿ. ಕಿಟಕಿ ಒಂದೇ ತುದಿಯಲ್ಲಿದೆ. ನಡುವೆ ಗೋಡೆ ಕಟ್ಟಿದರೆ ಒಳಗಿನ ಭಾಗಕ್ಕೆ ಗಾಳಿ, ಬೆಳಕು ಇಲ್ಲ. ಉದ್ದಕ್ಕೆ ಸೀಳಿದರೆ ಆರಡಿ ಅಗಲದ ಎರಡು ಓಣಿ. ಹಾಗಾಗಿ ಎರಡು ಕೋಣೆ ಬೇಕು ಅಂದರೆ ಎರಡು ಡಬ್ಬಿಗಳನ್ನೇ ಸೇರಿಸಬೇಕು. ಅದಕ್ಕೆ ‘ಸ್ವೀಟ್’ ಅನ್ನುತ್ತಾರೆ, ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ. ನಮಗೆ ಬೇಕಾಗಿದ್ದು ಒಂದೂವರೆ ರೂಮು. ಆ ಅಳತೆಯಲ್ಲಿ ಕಟ್ಟಡ ಕಟ್ಟಿಯೇ ಇಲ್ಲ. ಸಿಗುವುದಾದರೂ ಅಪರೂಪಕ್ಕೆ, ಮೂಲೆಯಲ್ಲಿ. ಕಾರಿಡಾರ್ ಮುಗಿಯುವ ಕಡೆ, ಲಿಫ್ಟ್ ಪಕ್ಕದಲ್ಲಿ, ಮೆಟ್ಟಿಲು ತಿರುಗುವ ಕಡೆ ಡಬ್ಬಿಯ ಲೆಕ್ಕ ತಪ್ಪಿ ಸೊಟ್ಟ ಆಕಾರದ ರೂಮು ಹುಟ್ಟಿಕೊಳ್ಳುತ್ತದೆ. ಆ ಸೊಟ್ಟ ರೂಮುಗಳೇ ನಮ್ಮಂಥವರಿಗೆ ಹೇಳಿಮಾಡಿಸಿದ್ದು. ಹಳೆ ಮನೆಗಳನ್ನು ಹೋಟೆಲ್ ಮಾಡಿರುವ ಕಡೆಯೂ ಇಂಥವು ಸಿಗುತ್ತವೆ, ಆದರೆ ಅಲ್ಲಿ ಮೆಟ್ಟಿಲು ಕಡಿದಾಗಿರುತ್ತದೆ, ಅದು ಬೇರೆ ತಲೆನೋವು.

ಜಪಾನಿನ ಹಳೆ ಪದ್ಧತಿಯ ವಸತಿಗೃಹಗಳನ್ನು ಇಲ್ಲಿ ನೆನೆಯಬೇಕು. ಅಲ್ಲಿ ರೂಮಿನ ಅಳತೆಯನ್ನು ಚಾಪೆಯಲ್ಲಿ ಹೇಳುತ್ತಾರೆ. ಒಂದು ತತಾಮಿ ಚಾಪೆ ಸುಮಾರು 90 ಸೆಂಟಿಮೀಟರ್ ಅಗಲ, 180 ಉದ್ದ. ಎಂಟು ಚಾಪೆಯ ರೂಮು ಅಂದರೆ ಹತ್ತಿರ ಹತ್ತಿರ 13 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಚಿಕ್ಕದೇ. ಆದರೆ ಅಲ್ಲಿ ಮಂಚವೇ ಇಲ್ಲ. ಹಗಲು ಗಿಡ್ಡ ಮೇಜು, ಸಂಜೆ ಕಪಾಟಿನಿಂದ ಹಾಸಿಗೆ ತೆಗೆದು ನೆಲಕ್ಕೆ ಹಾಸುತ್ತಾರೆ. ಮೂರು ಜನವಾದರೆ ಮೂರು, ನಾಲ್ಕಾದರೆ ನಾಲ್ಕು. ಚಿಕ್ಕ ಮಗು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗುವುದಾದರೆ ಹಾಸಿಗೆಯ ಬಾಡಿಗೆ ಬೇಡ ಅನ್ನುವ ದರವೂ ಅಲ್ಲಿ ಸಾಮಾನ್ಯ. ಮಗು ಹೊರಳಿ ಬಿದ್ದರೂ ಬೀಳುವುದು ಚಾಪೆಯ ಮೇಲೆ. ಕತ್ತಲಲ್ಲಿ ಕೂರುವ ಕಷ್ಟಕ್ಕೆ ಇದೇನೂ ಪರಿಹಾರ ಅಲ್ಲ. ಆದರೆ ಜನ ಹೆಚ್ಚಾದರೆ ಇನ್ನೊಂದು ಹಾಸಿಗೆ ಹಾಸಿದರಾಯಿತು ಅನ್ನುವ ಸಲೀಸು ಮಂಚಗಳ ಹೋಟೆಲಿಗೆ ಬರುವುದೇ ಇಲ್ಲ.

ಲೆಕ್ಕಕ್ಕಿಲ್ಲದ ಮಗು

ಮಕ್ಕಳಿಗೆ ರೂಮಿನಲ್ಲಿ ದುಡ್ಡು ಬೇಡ ಅನ್ನುವ ಮಾತು ಇಷ್ಟು ಹರಡುವುದಕ್ಕೆ ಬಹಳ ಮಟ್ಟಿಗೆ ಒಬ್ಬ ಅಪ್ಪನ ಸಿಟ್ಟು ಕಾರಣ. ಅವನ ಹೆಸರು ಕೆಮ್ಮನ್ಸ್ ವಿಲ್ಸನ್. ಅಮೆರಿಕದ ಮೆಂಫಿಸ್‌ನಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದ. 1951ರಲ್ಲಿ ಹೆಂಡತಿ, ಐದು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ಕಡೆ ಹೊರಟ. ದಾರಿಯ ಮೋಟೆಲುಗಳಲ್ಲಿ ಒಂದೊಂದು ಮಗುವಿಗೂ 2 ಡಾಲರ್ ಹೆಚ್ಚು ಕೇಳಿದರು. ಐದು ಮಕ್ಕಳೆಂದರೆ ರಾತ್ರಿಗೆ 10 ಡಾಲರ್ ಮೇಲೆ! ಮಕ್ಕಳು ಮಲಗುವುದು ಅದೇ ರೂಮಿನಲ್ಲಿ. ರೇಗಿಹೋಗಿ, ಮಕ್ಕಳಿಗೆ ದುಡ್ಡು ಕೇಳದ ಹೋಟೆಲುಗಳನ್ನು ನಾನೇ ಕಟ್ಟಿಸುತ್ತೇನೆ ಅಂತ ಹೆಂಡತಿಯ ಹತ್ತಿರ ಹೇಳಿದ, ನಾನೂರು ಕಟ್ಟಿಸುತ್ತೇನೆ ಅಂದಾಗ ಅವಳು ನಕ್ಕಳು ಅಂತ ಕತೆ. ಆ ಪ್ರಯಾಣದಲ್ಲೇ ಉಳಿದುಕೊಂಡ ರೂಮುಗಳನ್ನು ಟೇಪು ಹಿಡಿದು ಅಳೆದಿದ್ದನಂತೆ. ಮಾರನೇ ವರ್ಷ, 1952ರಲ್ಲಿ, ಅವನ ಮೊದಲ ಹೋಟೆಲ್ ‘ಹಾಲಿಡೇ ಇನ್’ ತೆರೆಯಿತು. 1968ರ ಹೊತ್ತಿಗೆ ಸಾವಿರ ಆಗಿದ್ದವು.

ವಿಲ್ಸನ್ನನ ಬಗ್ಗೆ ನನಗೆ ಪ್ರೀತಿ ಇದೆ. ರೂಮನ್ನು ಟೇಪು ಹಿಡಿದು ಅಳೆದ ಅಪ್ಪ ಅಂದರೆ ಹೇಗೆ ಇಷ್ಟವಾಗದೆ ಇರುತ್ತಾನೆ? ಒಂದೇ ರೂಮಿನಲ್ಲಿ ಇಬ್ಬಿಬ್ಬರು ಮಲಗುವ ಎರಡು ದೊಡ್ಡ ಮಂಚ ಇಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದೂ ಇಂಥ ರಸ್ತೆ ಬದಿಯ ಹೋಟೆಲುಗಳಿಂದಲೇ. ಅದಕ್ಕೇ ಅಲ್ಲಿ ನಾಲ್ಕು ಜನರ ಸಂಸಾರಕ್ಕೆ ರೂಮು ಸಲೀಸು. ಯುರೋಪಿನ ಹಳೆ ಪಟ್ಟಣಗಳ ನಡುವೆ ಹುಡುಕಿದರೆ ಒದ್ದಾಟ. ಅಲ್ಲಿ ದೊಡ್ಡ ಮಂಚ ಅಂತ ಕಾಣುವುದು ಎಷ್ಟೋ ಸಲ ಒಂಟಿ ಹಾಸಿಗೆ ಎರಡನ್ನು ಜೋಡಿಸಿದ್ದು, ನಡುವಿನ ಸಂದಿಗೆ ಮಗು ಜಾರುವುದು ಗ್ಯಾರಂಟಿ.

ಆದರೆ ಈ ಉಚಿತ ಅನ್ನುವುದರಲ್ಲಿ ಒಂದು ಕೊಕ್ಕೆ ಇದೆ. ಷರತ್ತು ಓದಿದರೆ ‘ಇರುವ ಹಾಸಿಗೆಯನ್ನೇ ಬಳಸಿದರೆ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂದರೆ ಮಗುವಿಗೆ ಹಾಸಿಗೆ ಇಲ್ಲ. ಬಹಳ ಕಡೆ ಟವೆಲ್ ಇಲ್ಲ, ಬೆಳಗಿನ ತಿಂಡಿ ಇಲ್ಲ. ಉಚಿತ ಮಗು ಅಂದರೆ ಅವರ ಪಟ್ಟಿಯಲ್ಲಿ ಇಲ್ಲದ ಮಗು. ವಿಲ್ಸನ್ ಸರಿ ಮಾಡಿದ್ದು ಬಿಲ್ಲನ್ನು. ಮಗು ಬಂದಿದೆ, ಅದಕ್ಕೆ ಏನು ಬೇಕು ಅಂತ ಕೇಳುವ ಅಭ್ಯಾಸ ಮಾತ್ರ ಈಗಲೂ ಕಡಿಮೆ. ನನ್ನನ್ನು ಕೇಳಿದರೆ ಸ್ವಲ್ಪ ದುಡ್ಡು ತೆಗೆದುಕೊಂಡು ಮಗುವಿನ ಹೆಸರು ಬರೆದುಕೊಂಡು ಒಂದು ಟವೆಲ್ ಕೊಡುವವರೇ ವಾಸಿ.

ರಿಸೆಪ್ಷನ್ನಿನಲ್ಲಿ ಒಂದು ಸಂಜೆ

ಒಂದು ಸಲ ಚೆಕ್ ಇನ್ ಸಾಲಿನಲ್ಲಿ ನಮ್ಮ ಮುಂದೆ ಒಂದು ಸಂಸಾರ ನಿಂತಿತ್ತು. ಅಪ್ಪ, ಅಮ್ಮ, ಎಂಟೊಂಬತ್ತು ವರ್ಷದ ಹುಡುಗ, ಅವನ ತಂಗಿ, ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿದ್ದ ಇನ್ನೊಂದು ಕೂಸು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ತಲೆ ಎತ್ತಿ ಇವರನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.

“ಸರ್, ಬುಕಿಂಗ್‌ನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಅಂತಿದೆ.”

“ಹೌದು, ಇವರಿಬ್ಬರೂ ಇನ್ನೂ ಚಿಕ್ಕವರಲ್ವಾ. ನಮ್ಮ ಜೊತೆಗೇ ಮಲಗ್ತಾರೆ.”

“ಅರ್ಥ ಆಗುತ್ತೆ ಸರ್. ಆದರೆ ಆ ರೂಮಿಗೆ ಮೂರೇ ಜನ.”

ಅವಳ ದನಿಯಲ್ಲಿ ಒರಟುತನ ಇರಲಿಲ್ಲ. ಅವನೂ ಜಗಳಕ್ಕೆ ನಿಂತವನಲ್ಲ. ದೂರದ ಪ್ರಯಾಣದಿಂದ ಸೋತವನ ಮುಖ. ಮೂರು ಮಕ್ಕಳು ಅಂತ ಹಾಕಿದರೆ ಒಂದು ರೂಮೂ ತೋರಿಸುತ್ತಿರಲಿಲ್ಲ ಅಂತ ಅವನು ಹೇಳಿದ, ನನಗದು ಪೂರ್ತಿ ನಂಬುವ ಹಾಗಿತ್ತು. ದೊಡ್ಡ ರೂಮು ಖಾಲಿ ಇರಲಿಲ್ಲ. ಎರಡನೇ ರೂಮಿಗೆ ಆ ದಿನದ ದರ ಕೇಳಿ ಅಮ್ಮ ಗಂಡನ ಮುಖ ನೋಡಿದಳು. ಹುಡುಗನಿಗೆ ಇದ್ಯಾವುದೂ ಬೇಕಿರಲಿಲ್ಲ, ಲಿಫ್ಟಿನ ಬಟನ್ ಒತ್ತಿ ಒತ್ತಿ ಓಡಿಬರುತ್ತಿದ್ದ. ಕೊನೆಗೆ ಅವರು ಎರಡು ರೂಮು ತೆಗೆದುಕೊಂಡರು.

ಒಂದು ಮಗುವನ್ನು ಮುಚ್ಚಿಟ್ಟು ಬುಕ್ ಮಾಡಿ, ಯಾರು ಎಣಿಸುತ್ತಾರೆ ಅಂತ ಸಲಹೆ ಕೊಡುವವರು ಬಹಳ. ನಾನು ಬೇಡ ಅನ್ನುತ್ತೇನೆ. ಸುಳ್ಳು ಹೇಳಬಾರದು ಅನ್ನುವುದು ಒಂದು ಕಡೆ ಇರಲಿ. ರಾತ್ರಿ ಬೆಂಕಿ ಬಿದ್ದು ಎಲ್ಲರನ್ನೂ ಹೊರಗೆ ಕರೆದರೆ ಆ ರೂಮಿನಲ್ಲಿ ಎಷ್ಟು ಜನ ಇದ್ದರು ಅನ್ನುವುದಕ್ಕೆ ಇರುವ ಪಟ್ಟಿ ಅದೊಂದೇ. ಅದರಲ್ಲಿ ನನ್ನ ಮಗನ ಹೆಸರು ಇರಲಿ. ಮತ್ತೆ, ಆ ‘ಮೂರೇ ಜನ’ ಅನ್ನುವ ಸಂಖ್ಯೆ ಯಾವಾಗಲೂ ಅಷ್ಟು ಗಟ್ಟಿ ಅಲ್ಲ. ಹೋಟೆಲಿನವರು ಪ್ರತಿ ಬಗೆಯ ರೂಮಿಗೂ ದೊಡ್ಡವರು ಇಷ್ಟು, ಮಕ್ಕಳು ಇಷ್ಟು, ಒಟ್ಟು ಇಷ್ಟು ಅಂತ ತಮ್ಮ ಸಾಫ್ಟ್‌ವೇರಿನಲ್ಲಿ ತುಂಬಿಸಿರುತ್ತಾರೆ. ಅದೇ ಬೇರೆ ಬೇರೆ ಬುಕಿಂಗ್ ಸೈಟುಗಳಿಗೆ ಹೋಗುತ್ತದೆ. ಯಾರೋ ಯಾವತ್ತೋ ತುಂಬಿಸಿದ್ದು. ತೊಟ್ಟಿಲಲ್ಲಿ ಮಲಗುವ ಕೂಸನ್ನು ಒಂದು ಸೈಟು ತಲೆ ಅಂತ ಎಣಿಸುತ್ತದೆ, ಇನ್ನೊಂದು ಎಣಿಸುವುದಿಲ್ಲ. ಹಾಗಾಗಿ ಸೈಟು ಇಲ್ಲ ಅಂದ ರೂಮನ್ನು ಹೋಟೆಲಿಗೆ ನೇರ ಫೋನ್ ಮಾಡಿ ಕೇಳಿದರೆ ‘ಕಾಟ್ ಹಾಕಿಕೊಡುತ್ತೇವೆ, ಬನ್ನಿ’ ಅನ್ನುವುದು ಉಂಟು. ಆ ಮಾತನ್ನು ಮೇಲ್‌ನಲ್ಲಿ ಬರೆಸಿಕೊಳ್ಳಬೇಕು, ಅಷ್ಟೇ. ಫೋನ್ ಎತ್ತಿದವರು ನಾವು ಹೋಗುವ ಹೊತ್ತಿಗೆ ಕೌಂಟರಿನಲ್ಲಿ ಇರುವುದಿಲ್ಲ.

ನಡುವಿನ ಬಾಗಿಲು

ಎರಡು ರೂಮು, ನಡುವೆ ಒಂದು ಬಾಗಿಲು. ಕನೆಕ್ಟಿಂಗ್ ರೂಮು. ದುಡ್ಡು ಇದ್ದರೆ ಇದಕ್ಕಿಂತ ಸುಖ ಇಲ್ಲ. ಅಕ್ಕಪಕ್ಕದ ರೂಮು ಅಂದರೆ ಬೇರೆ, ಅದರಲ್ಲಿ ಬಾಗಿಲು ಇರುವುದಿಲ್ಲ, ಕಾರಿಡಾರಿಗೆ ಬಂದೇ ಹೋಗಬೇಕು. ಬುಕ್ ಮಾಡುವಾಗ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಹುಷಾರಾಗಿರಬೇಕು. ನಡುವೆ ಸಾಮಾನ್ಯವಾಗಿ ಒಂದಲ್ಲ, ಬೆನ್ನಿಗೆ ಬೆನ್ನು ಎರಡು ಬಾಗಿಲು ಇರುತ್ತವೆ. ಒಂದೊಂದಕ್ಕೂ ಅದರದರ ರೂಮಿನ ಕಡೆಯಿಂದ ಚಿಲಕ. ಎರಡೂ ಕಡೆ ಬೇರೆ ಬೇರೆ ಜನ ಇರುವಾಗ ಇದು ಸುರಕ್ಷಿತ. ಆದರೆ ಬಾಗಿಲು ಎಂದಿಗೂ ಗೋಡೆಯಷ್ಟು ಸದ್ದು ತಡೆಯುವುದಿಲ್ಲ. ಪಕ್ಕದವರ ಗೊರಕೆ ಕೇಳಿಸಿತು ಅಂತ ದೂರು ಬರುವುದು ಇಂಥ ರೂಮುಗಳಿಂದಲೇ ಜಾಸ್ತಿ. ಅದಕ್ಕೆ ಹೋಟೆಲಿನವರು ಮಹಡಿಗೆ ಕೆಲವೇ ಜೋಡಿ ಇಟ್ಟುಕೊಳ್ಳುತ್ತಾರೆ.

ದುಡ್ಡು ಕೊಡಲು ತಯಾರಿದ್ದರೂ ‘ಪ್ರಯತ್ನ ಮಾಡುತ್ತೇವೆ, ಖಾತ್ರಿ ಇಲ್ಲ’ ಅನ್ನುವ ಉತ್ತರ ಬರುತ್ತದೆ. ಮೊದಲೆಲ್ಲ ನನಗಿದು ನುಣುಚಿಕೊಳ್ಳುವ ಮಾತು ಅನ್ನಿಸುತ್ತಿತ್ತು. ಕಾರಣ ಹೀಗಿದೆ: ನಾವು ಬುಕ್ ಮಾಡುವುದು ರೂಮಿನ ಬಗೆಯನ್ನು, ರೂಮಿನ ನಂಬರನ್ನಲ್ಲ. ಯಾರಿಗೆ ಯಾವ ನಂಬರ್ ಅನ್ನುವುದನ್ನು ಬರುವ ದಿನ ಅಥವಾ ಹಿಂದಿನ ದಿನ ಹಂಚುತ್ತಾರೆ. 304 ಮತ್ತು 306 ಜೋಡಿ ಅಂದುಕೊಳ್ಳಿ. 304ರಲ್ಲಿ ಒಬ್ಬರು ಇನ್ನೊಂದು ರಾತ್ರಿ ಇರುತ್ತೇನೆ ಅಂದರೆ ಜೋಡಿ ಮುರಿಯಿತು. ಮೊದಲೇ ಎರಡನ್ನೂ ಕಾಯ್ದಿಟ್ಟರೆ, ನಾವು ಬುಕಿಂಗ್ ರದ್ದು ಮಾಡಿದಾಗ ಎರಡೂ ಖಾಲಿ. ತಂತ್ರಾಂಶ ಮನಸ್ಸು ಮಾಡಿದರೆ ಇದು ಬಗೆಹರಿಯದ ಕಷ್ಟವೇನಲ್ಲ. 2021ರಲ್ಲಿ ಹಿಲ್ಟನ್ ಕಂಪನಿ ಕನೆಕ್ಟಿಂಗ್ ರೂಮುಗಳನ್ನು ಬುಕ್ ಮಾಡುವಾಗಲೇ ಖಾತ್ರಿ ಮಾಡಿಕೊಡುವ ಸೌಲಭ್ಯ ತಂದಿತು. ಹೋಟೆಲುಗಳಲ್ಲಿ ನಡುವಿನ ಬಾಗಿಲುಗಳು ಬಂದು ಎಷ್ಟು ಕಾಲವಾಯಿತು, ಅದನ್ನು ಒಂದು ಕ್ಲಿಕ್ಕಿಗೆ ತರಲು ಇಷ್ಟು ವರ್ಷ ಬೇಕಾಯಿತಾ ಅಂತ ನನಗೆ ಅನ್ನಿಸಿತು. ಉಳಿದ ಕಡೆ ನಾನು ಮಾಡುವುದು ಇಷ್ಟು: ಹಿಂದಿನ ದಿನ ಬೆಳಿಗ್ಗೆ ಒಂದು ಫೋನು. ನಂಬರ್ ಹಂಚುವವರು ಕೆಲಸಕ್ಕೆ ಕೂರುವ ಹೊತ್ತಿಗೆ ನಮ್ಮ ಹೆಸರು ಅವರ ಕಿವಿಗೆ ಬಿದ್ದಿರಬೇಕು.

ಫೋಟೋದಲ್ಲಿ ಮಂಚವೇ ಅಳತೆಗೋಲು

‘ಫ್ಯಾಮಿಲಿ ರೂಮ್’ ಅನ್ನುವ ಹೆಸರನ್ನು ನಾನು ನಂಬುವುದಿಲ್ಲ. ಅದಕ್ಕೆ ಎಲ್ಲರೂ ಒಪ್ಪಿದ ಅರ್ಥ ಇಲ್ಲ. ಒಂದು ಕಡೆ ದೊಡ್ಡ ಮಂಚ ಮತ್ತು ಸೋಫಾ, ಇನ್ನೊಂದು ಕಡೆ ಒಂದರ ಮೇಲೊಂದು ಬಂಕ್, ಮತ್ತೊಂದು ಕಡೆ ಬರೀ ಪರದೆ ಕಟ್ಟಿದ ಮೂಲೆ. ಫೋಟೋ ನಂಬುವುದು ಇನ್ನೂ ಕಷ್ಟ. ಅಗಲ ಲೆನ್ಸಿನಲ್ಲಿ ತೆಗೆದರೆ ಓಣಿಯೂ ಬಯಲಾಗಿ ಕಾಣುತ್ತದೆ. ಆದರೆ ಮಂಚದ ಅಳತೆ ಸುಳ್ಳು ಹೇಳುವುದಿಲ್ಲ. ಕ್ವೀನ್ ಅಂದರೆ 60 ಇಂಚು ಅಗಲ, 80 ಇಂಚು ಉದ್ದ. ಕಿಂಗ್ ಆದರೆ ಅಗಲ 76. ಮಂಚದ ಪಕ್ಕದ ಜಾಗ ಮಂಚದ ಅಗಲದ ಎಷ್ಟು ಪಾಲು ಅಂತ ಕಣ್ಣಲ್ಲೇ ನೋಡಿದರೆ ಕಾಟ್ ಹಿಡಿಸುತ್ತದೋ ಇಲ್ಲವೋ ಅಂದಾಜು ಸಿಗುತ್ತದೆ.

ಒಂದು ಲೆಕ್ಕ ಹಾಕಿಯೇ ಬಿಡೋಣ. ರೂಮು 3.6 ಮೀಟರ್ ಅಗಲ. ಮಂಚದ ತಲೆ ಒಂದು ಗೋಡೆಗೆ, ಕಾಲು ಎದುರು ಗೋಡೆ ಕಡೆಗೆ. ಮಂಚದ ಉದ್ದ 2 ಮೀಟರ್ ಹೋದರೆ ಉಳಿದದ್ದು 1.6. ಎದುರು ಗೋಡೆಗೆ ಟಿವಿ ಇಡುವ ಮೇಜು, ಅದು ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಈಗ ಓಡಾಡಲು ಉಳಿದದ್ದು ಒಂದು ಮೀಟರ್. ಅಲ್ಲಿ 60 ಸೆಂಟಿಮೀಟರ್ ಅಗಲದ ಕಾಟ್ ಇಟ್ಟರೆ ಮಿಕ್ಕಿದ್ದು 40. ರಾತ್ರಿ ಎರಡು ಗಂಟೆಗೆ ಮಗಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕಾಗಿರುವುದು ಈ 40 ಸೆಂಟಿಮೀಟರಿನಲ್ಲಿ, ಅಡ್ಡಡ್ಡ ಹೆಜ್ಜೆ ಇಟ್ಟುಕೊಂಡು. ಕಾಟ್ ಕಾಲಿಗೆ ತಾಗಿದರೆ ಇಬ್ಬರೂ ಎದ್ದ ಹಾಗೆ. ‘ಬೇಬಿ ಕಾಟ್ ಲಭ್ಯ’ ಅಂತ ಬರೆದಿರುವವರು ಅದನ್ನು ಎಲ್ಲಿ ಇಡುತ್ತಾರೆ ಅಂತ ಬರೆದಿರುವುದಿಲ್ಲ.

ಕಾಟ್ ವಿಷಯದಲ್ಲಿ ಇನ್ನೊಂದು ಮಾತು. ಬಂದ ಕಾಟನ್ನು ಮಗುವನ್ನು ಮಲಗಿಸುವ ಮೊದಲು ಅಲ್ಲಾಡಿಸಿ ನೋಡುತ್ತೇನೆ. ಒಂದು ಬದಿ ಕೆಳಗೆ ಜಾರುವ ಹಳೆಯ ತೊಟ್ಟಿಲುಗಳಿದ್ದವಲ್ಲ, ಆ ಬದಿ ಸಡಿಲವಾಗಿ ಕೂಸುಗಳು ಸಂದಿಯಲ್ಲಿ ಸಿಕ್ಕಿಕೊಂಡು ಸತ್ತದ್ದುಂಟು. ಅಮೆರಿಕ 2011ರ ಜೂನ್‌ನಲ್ಲಿ ಅವುಗಳ ಮಾರಾಟ ನಿಲ್ಲಿಸಿತು. ಹೋಟೆಲುಗಳಿಗೆ ಹಳೆಯದನ್ನು ಬದಲಾಯಿಸಲು 2012ರ ಡಿಸೆಂಬರ್ ತನಕ ಸಮಯ ಕೊಟ್ಟಿತು. ಹಾಸಿಗೆ ಗಟ್ಟಿ ಇರಬೇಕು, ಸಮತಟ್ಟಾಗಿರಬೇಕು, ಅಂಚಿನಲ್ಲಿ ಸಂದಿ ಇರಬಾರದು. ಚಂದಕ್ಕೆ ಅಂತ ಇಟ್ಟ ದಿಂಬು, ದಪ್ಪ ಹೊದಿಕೆ ಎಲ್ಲವನ್ನೂ ತೆಗೆದು ಆಚೆ ಇಡುತ್ತೇನೆ. ಕಾಟ್ ಸರಿ ಇಲ್ಲ ಅಂತ ಕೂಸನ್ನು ಸೋಫಾ ಮೇಲೆ ಮಲಗಿಸುವುದಂತೂ ಬೇಡವೇ ಬೇಡ, ಮಕ್ಕಳ ವೈದ್ಯರು ಎಲ್ಲಕ್ಕಿಂತ ಜಾಸ್ತಿ ಹೆದರುವ ಜಾಗ ಅದು. ಕಿಟಕಿ, ಬಾಲ್ಕನಿ ಕಂಬಿ, ಕೆಟಲ್ಲಿನ ತೂಗಾಡುವ ವೈರು, ಇವನ್ನು ಬ್ಯಾಗ್ ಇಳಿಸುವ ಮುಂಚೆಯೇ ಒಂದು ಸುತ್ತು ನೋಡಿಬಿಡುವುದು. ಐದು ನಿಮಿಷದ ಕೆಲಸ.

‘ಅಪಾರ್ಟ್‌ಮೆಂಟ್ ತೆಗೆದುಕೊಳ್ಳಬಾರದಾ, ಎರಡು ಕೋಣೆ, ಅಡುಗೆಮನೆ ಎಲ್ಲ ಇರುತ್ತಲ್ಲ’ ಅಂತ ತಂಗಿ ಯಾವಾಗಲೂ ಕೇಳುತ್ತಾಳೆ. ವಾರಗಟ್ಟಲೆ ಇರುವುದಾದರೆ ಅದೇ ಸರಿ. ಒಂದೆರಡು ರಾತ್ರಿಗೆ ನನಗೆ ಅದು ಒಗ್ಗುವುದಿಲ್ಲ. ತಡರಾತ್ರಿ ತಲುಪಿ ಬೀಗದ ಕೈ ಎಲ್ಲಿದೆ ಅಂತ ಫೋನಿನ ಮೆಸೇಜು ಓದುತ್ತ ಬೀದಿಯಲ್ಲಿ ನಿಲ್ಲುವುದು, ಹೊರಡುವ ಬೆಳಿಗ್ಗೆ ಪಾತ್ರೆ ತೊಳೆದಿಡುವುದು. ಪಾತ್ರೆ ತೊಳೆಯುವುದಾದರೆ ಮನೆಯಲ್ಲೇ ಇರಬಹುದಿತ್ತಲ್ವಾ? ಜ್ವರ ಬಂದ ಮಗುವನ್ನು ಎತ್ತಿಕೊಂಡು ನಡುರಾತ್ರಿ ಕೆಳಗಿಳಿದರೆ ಎದ್ದಿರುವ ಒಬ್ಬ ಮನುಷ್ಯ ಕೌಂಟರಿನಲ್ಲಿ ಇರುತ್ತಾನೆ. ಅದಕ್ಕೆ ನಾನು ದುಡ್ಡು ಕೊಡುತ್ತೇನೆ.

ಮುಂದಿನ ರಜೆಗೆ ಈ ಸಲ ಸೈಟಿನಲ್ಲಿ ಪ್ಲಸ್ ಗುರುತು ಒತ್ತಿ ಬೇಸತ್ತು, ಇಷ್ಟವಾದ ಕೆಲವು ಹೋಟೆಲುಗಳಿಗೆ ನೇರ ಮೇಲ್ ಬರೆದೆ. ನಾವು ಎಷ್ಟು ಜನ ಅಂತ ಮೊದಲ ಸಾಲಿನಲ್ಲೇ ಬರೆದೆ, ಆಮೇಲೆ ಮಕ್ಕಳು ಎಂಟಕ್ಕೆ ಮಲಗುತ್ತಾರೆ, ನಾವು ಹನ್ನೊಂದಕ್ಕೆ, ಆ ಮೂರು ಗಂಟೆ ದೀಪ ಹಾಕಿಕೊಂಡು ಕೂರಲು ಮಕ್ಕಳಿಗೆ ಕಾಣದ ಜಾಗ ಇರುವ ರೂಮು ನಿಮ್ಮಲ್ಲಿ ಯಾವುದು ಅಂತ ಕೇಳಿದೆ. ಹೆಚ್ಚಿನವರು ರೂಮುಗಳ ಪಟ್ಟಿ, ದರ ಕಳಿಸಿದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಒಂದು ಹೋಟೆಲಿನಿಂದ ಮಾತ್ರ ಒಂದು ಫೋಟೋ ಬಂತು, ಯಾರೋ ಫೋನಿನಲ್ಲಿ ಆಗಷ್ಟೇ ತೆಗೆದದ್ದು, ಹಾಸಿಗೆ ಕೂಡ ಇನ್ನೂ ಸರಿಮಾಡಿರಲಿಲ್ಲ. ಮೂಲೆಯ ರೂಮಂತೆ. ಬಾಗಿಲಿಂದ ಒಳಗೆ ಬಂದ ಮೇಲೆ ಗೋಡೆ ಬಲಕ್ಕೆ ತಿರುಗುತ್ತದೆ, ತಿರುವಿನ ಆಚೆ ಮಂಚಗಳು, ಈಚೆ ಎರಡು ಕುರ್ಚಿ, ಒಂದು ದೀಪ. ಕಾಟನ್ನೂ ಇಟ್ಟು ನೋಡಿದ್ದರು. ಕಾಟ್ ಇಟ್ಟರೆ ಕಪಾಟಿನ ಒಂದು ಬಾಗಿಲು ತೆರೆಯುವುದಿಲ್ಲ, ಪರವಾಗಿಲ್ಲವೇ ಅಂತ ಕೊನೆಯಲ್ಲಿ ಕೇಳಿದ್ದರು. ಪರವಾಗಿಲ್ಲ ಅಂತ ಬರೆದು ಅವತ್ತೇ ಬುಕ್ ಮಾಡಿದೆ.